ಚಾಂದಬಿಯ ಕಲ್ಲು

ಖಣಿಯೂರು,
ಫೆಬ್ರವರಿ 30, 2291

ನಮಗಿಂತ ಮುಂಚೆ ಬದುಕುತ್ತಿರುವವರಿಗೆ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ; ಮಿಕ್ಕ ಐದು ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ, ಆಗ ಯಾರೂ ಕೆಲಸ ಮಾಡುವುದಿಲ್ಲ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಹರಿದ ಪುಸ್ತಕಗಳಿಂದ ಕಲಿತವಳು. ಮಾತು ಎಲ್ಲಾದರೂ ವಿಚಿತ್ರವಾಗಿ ಕಂಡರೆ ಮನ್ನಿಸಬೇಕು. ಹಿಂದಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ. ಆದರೂ ಬರೆಯುತ್ತಿದ್ದೇನೆ.

ನನ್ನ ಹೆಸರು ನೀಲಗಂಗಮ್ಮ, ವಯಸ್ಸು ಅರವತ್ತೇಳು. ಗಂಡ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು, ಮಕ್ಕಳಿಲ್ಲ. ಶಹಾಬಾದಿನ ಕಡೆ ನಿಮ್ಮವರು ನೆಲಕ್ಕೆ ಹಾಸುವ ಪರಸಿ ಕಲ್ಲು ಕಡಿದು ಬಿಟ್ಟುಹೋದ ಗುಂಡಿಗಳಲ್ಲೇ ನಮ್ಮ ಊರು. ಮೇಲಿನ ನೆಲದ ಮೇಲೆ ವರ್ಷದಲ್ಲಿ ಏಳು ತಿಂಗಳು ನಿಲ್ಲಲಾಗುವುದಿಲ್ಲ. ಖಣಿಯ ತಳ ತಂಪು. ಗೋಡೆಯ ಪದರಗಳಲ್ಲಿ ಮನೆ ಕೊರೆದುಕೊಂಡಿದ್ದೇವೆ. ಮೇಲೆ ನೆರಳುಬಟ್ಟೆ, ಅಂದರೆ ಇಡೀ ಊರಿಗೆ ಹಾಸಿದ ಒಂದೇ ಚಪ್ಪರ. ಜೋಳ ಅದರ ಅಂಚಿನಲ್ಲಿ ಬೆಳೆಯುತ್ತದೆ, ನೀರು ತಳದಲ್ಲಿ ಸಿಗುತ್ತದೆ. ಇನ್ನೊಂದು ಪದರ ಕಲ್ಲು ಎಬ್ಬಿಸಿದರೆ ಆ ನೀರು ಒಡೆದು ಊರೇ ಮುಳುಗುವುದರಿಂದ ಹೊಸ ಕಲ್ಲು ಕಡಿಯುವಂತಿಲ್ಲ. ಇರುವ ಚಪ್ಪಡಿಗಳಲ್ಲೇ ಹುಟ್ಟು, ಸಾವು, ಸಂಸಾರ ಎಲ್ಲ ಆಗಬೇಕು. ಯಾರೇ ಸತ್ತರೂ, ಯಾವ ಜಾತಿಯವರಾದರೂ, ಹೆಸರು ಕೆತ್ತಿದ ಒಂದು ಚಪ್ಪಡಿಯನ್ನು ತೆಂಕಣ ಗೋಡೆಗೆ ನಿಲ್ಲಿಸುತ್ತೇವೆ. ಕೆತ್ತುವವಳು ನಾನು. ನಲವತ್ತು ವರ್ಷವಾದ ಮೇಲೆ ಆ ಚಪ್ಪಡಿಯನ್ನು ಮಗುಚಿ, ಹೆಸರು ಕೆಳಗಾಗುವಂತೆ ಯಾವುದೋ ಹೊಸ ಮನೆಯ ನೆಲಕ್ಕೆ ಹಾಸುತ್ತೇವೆ. ಮಗುಚುವವಳೂ ನಾನೇ. ಯಾರನ್ನಾದರೂ ಪೂರ್ತಿ ಮರೆತೆವು ಎನ್ನಲು ನಮ್ಮಲ್ಲಿ ‘ಮಗುಚಿದ್ರು’ ಎಂಬ ಮಾತೇ ಇದೆ.

ಒಂದು ವಿನಾಯಿತಿ ಉಂಟು. ಸತ್ತವರ ಬಗ್ಗೆ ಹಿಂದೆ ಯಾರೂ ಹೇಳಿರದ ಒಂದು ಸಂಗತಿಯನ್ನು ಬದುಕಿರುವ ಯಾರಾದರೂ ಊರಿನ ಐವರು ಹಿರಿಯರ ಮುಂದೆ ಹೇಳಿದರೆ ಕಲ್ಲು ಇನ್ನೂ ಹತ್ತು ವರ್ಷ ನಿಲ್ಲುತ್ತದೆ. ಇದಕ್ಕೆ ಸಾಕ್ಷಿಮಾತು ಎನ್ನುತ್ತಾರೆ.

ಲಾಲಸಾಬ ಎಂಬ ಮುದುಕ ತನ್ನ ತಂಗಿಗಾಗಿ ಹೀಗೆ ಮೂರು ಸಲ ಬಂದಿದ್ದ. ತಂಗಿ ಚಾಂದಬಿ ಒಂಬತ್ತನೇ ವರ್ಷಕ್ಕೆ, ನೆರಳುಬಟ್ಟೆ ಹರಿದ ಬೇಸಿಗೆಯಲ್ಲಿ, ಬಿಸಿಲಿಗೆ ಸತ್ತವಳು. ಮೂರು ಸಲವೂ ನಾನು ಅಲ್ಲೇ ಕೂತಿದ್ದೆ. ಮೊದಲ ಸಲ ಅವನು ಹೇಳಿದ್ದು, ಆಕೆಗೆ ರಕಾರ ಬರುತ್ತಿರಲಿಲ್ಲ, ನೀರಿಗೆ ‘ನೀಲು’ ಎನ್ನುತ್ತಿದ್ದಳು ಎಂದು. ಎರಡನೆಯ ಸಲ, ರೊಟ್ಟಿಯ ಗರಿಗರಿ ಅಂಚನ್ನು ಕೊನೆಗೆಂದು ಇಟ್ಟುಕೊಂಡು ಇರುವೆಗೆ ಹಾಕುತ್ತಿದ್ದಳು ಎಂದು. ಮೂರನೆಯ ಸಲ ಹೇಳುವಾಗ ಅತ್ತಿದ್ದ. ಇಬ್ಬರ ನಡುವೆ ಒಂದೇ ಜೊತೆ ಚಪ್ಪಲಿಯಂತೆ; ಆಕೆಗೆ ಎಡಗಾಲಿನದು, ಇವನಿಗೆ ಬಲಗಾಲಿನದು. ಕಾದ ಕಲ್ಲಿನ ಮೇಲೆ ಇಬ್ಬರೂ ಕುಂಟುತ್ತ ಕುಣಿಯುತ್ತ ನೀರಿಗೆ ಹೋಗುತ್ತಿದ್ದರಂತೆ.

ಹೋದ ವರ್ಷ ದಸರೆಗೆ ಮುಂಚೆ ನಾಲ್ಕನೆಯ ಸಲ ಬಂದ. ಎಂಬತ್ತೊಂದು ವರ್ಷ, ಕೈಯಲ್ಲಿ ಕೋಲು, ಒಗೆದ ಅಂಗಿ. ಹಿರಿಯರ ಪೈಕಿ ಗುರುಬಾಯಿ “ಹೇಳ್ರಿ” ಎಂದಳು. ಅವನು ಕೋಲೂರಿ ಮುಂದೆ ಬಂದ.

“ಆಕಿ... ಆಕಿ ನನ್ನ ತಂಗಿ,” ಎಂದ.

“ಅದು ಕಲ್ಲಮ್ಯಾಲೇ ಅದ, ಕಾಕಾ. ಬ್ಯಾರೆ ಏನರ ಹೇಳ್ರಿ.”

“ಭಾಳ ಅದಾವ ಯವ್ವಾ. ಮುಂಜಾನಿ ಇದ್ದವು. ಈಗ ಒಂದೂ ಬರವಲ್ವು.”

ಅವನು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಿದ್ದ. ನನ್ನ ಕಲ್ಲಿನ ಸರದಿ ಬಂದಾಗ ಹೀಗೆ ನಿಂತು ತಡವರಿಸಲಿಕ್ಕಾದರೂ ಒಬ್ಬರಿರುವುದಿಲ್ಲ ಎಂಬುದು ಆಗ ಹೊಳೆಯಿತು. ಎದ್ದು ನಿಂತೆ. “ನಾ ಹೇಳ್ತೀನ್ರಿ. ಚಾಂದಬಿ ಖಣಿ ದಂಡಿಮ್ಯಾಲೆ ಕುಂತು ಹಾಡ್ತಿದ್ಲು. ಆಕಿ ಹಾಡಿದ್ರ ಕೆಳಗಿನ ಮಂದಿ ಕೆಲಸ ಬಿಟ್ಟು ನಿಂದ್ರತಿದ್ರು. ನಮ್ಮವ್ವ ಕೇಳ್ಯಾಳ,” ಎಂದೆ.

ಅಪ್ಪಟ ಸುಳ್ಳು. ಹತ್ತು ವರ್ಷ ಸಿಕ್ಕಿತು. ಲಾಲಸಾಬನ ಮುಖ ಬಿಚ್ಚಿಕೊಂಡಿತು. “ಹೌದು, ಹಾಡ್ತಿದ್ಲು!” ಎಂದ. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಹೇಳುತ್ತ ಹೋದ. ವಾರ ಕಳೆಯುವುದರೊಳಗೆ ಅವನಿಗೆ ಆ ಹಾಡಿನ ಧಾಟಿಯೂ ನೆನಪಾಗಿತ್ತು.

ಚಳಿ ಬರುವ ಹೊತ್ತಿಗೆ ಹಾಸಿಗೆ ಹಿಡಿದ. ನಾನು ಗಂಜಿ ಒಯ್ಯುತ್ತಿದ್ದೆ. “ಆಕಿ ಹಾಡು ಕೇಳ್ಸಲಕತ್ತದ, ನೀನೂ ಕೇಳು,” ಎನ್ನುತ್ತಿದ್ದ. ಒಂದು ಮಧ್ಯಾಹ್ನ ತಡೆಯಲಾರದೆ ಕೇಳಿದೆ: “ಕಾಕಾ, ನೀವಿಬ್ರೂ ಒಂದೊಂದು ಚಪ್ಪಲಿ ಹಾಕ್ಕೊಂಡು ನೀರಿಗೆ ಹೋಗ್ತಿದ್ರಿ. ನೆನಪಿಲ್ಲೇನು?”

“ಅವರು ಯಾರೋ ಬ್ಯಾರೆಯವರು ಇರಬೇಕು, ಯವ್ವಾ,” ಎಂದ. “ನನ್ನ ತಂಗಿ ಹಾಡ್ತಿದ್ಲು.”

ನಾಲ್ಕು ದಿನಕ್ಕೆ ತೀರಿಕೊಂಡ. ನಗುತ್ತಲೇ ಹೋದ ಎಂದು ಊರವರು ಸಮಾಧಾನ ಪಟ್ಟರು. ಅವನ ಹೆಸರು ಕೆತ್ತುವಾಗ ಉಳಿ ಎರಡು ಸಲ ಜಾರಿತು. ಕೆತ್ತಲು ಹಿಡಿದ ಮೂವತ್ತೆರಡು ವರ್ಷದಲ್ಲಿ ಹಾಗೆ ಆಗಿರಲಿಲ್ಲ. ಅವನಲ್ಲಿ ಉಳಿದಿದ್ದ ಒಬ್ಬ ತಂಗಿಯನ್ನೂ ನಾನು ಕಿತ್ತುಕೊಂಡು, ಆ ಜಾಗದಲ್ಲಿ ಇಲ್ಲದ ಹುಡುಗಿಯನ್ನು ಕೂರಿಸಿದೆ ಎಂಬ ಸಂಕಟ ಊಟ ಸೇರಗೊಡಲಿಲ್ಲ. ಗುರುಬಾಯಿಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಆಕೆ ಜೋಳ ಹಸನು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

“ನಿಮ್ಮವ್ವ ಈ ಊರಿಗಿ ಸೊಸಿಯಾಗಿ ಬಂದಿದ್ದೇ ಆ ಹುಡುಗಿ ಸತ್ತ ಮರುವರ್ಷ. ನನಗ ಅಷ್ಟೂ ತಿಳಿಯಂಗಿಲ್ಲೇನು?”

“ಮತ್ತ ಯಾಕ ಸುಮ್ಮನಿದ್ರಿ?”

“ಮುದುಕನ ಕಾಲು ನಡುಗಲಕತ್ತಿದ್ವು, ನೀಲವ್ವ. ಎಷ್ಟೊತ್ತು ನಿಂದ್ರಸಬೇಕು?”

ಚಾಂದಬಿಯ ಕಲ್ಲನ್ನು ಮಗುಚಲು ನಾನೇ ಅನುಮತಿ ಕೇಳಿದೆ. ಸುಳ್ಳಿನ ಮೇಲೆ ಅದು ನಿಲ್ಲುವುದು ಬೇಡವಾಗಿತ್ತು. ಹಿರಿಯರು ಒಪ್ಪಿದರು. ಹೊಸದಾಗಿ ಮದುವೆಯಾದ ಶಿವಲೀಲಾಳ ಅಡುಗೆಮನೆಗೆ ಒಂದು ಚಪ್ಪಡಿ ಬೇಕಿತ್ತು. ಹಾಸುವಾಗ ನಿಜವಾದ ಮೂರೂ ಸಂಗತಿಗಳನ್ನು ಆಕೆಗೆ ಹೇಳಿದೆ: ನೀಲು, ಇರುವೆ, ಚಪ್ಪಲಿ. ಹಿಟ್ಟು ನಾದುತ್ತ ಕೇಳಿದಳು. “ಹೌದೇನ್ರಿ? ಪಾಪ,” ಎಂದಳು. ಆಮೇಲೆ, “ಯಮ್ಮಾ, ಈ ಮೂಲಿ ಜರಾ ಎತ್ತರ ಆಗ್ಯಾದ ನೋಡ್ರಿ,” ಎಂದಳು. ಹೌದು, ಎತ್ತರವಾಗಿತ್ತು. ಕೆಳಗಿನ ಮಣ್ಣು ಕೆರೆದು ಸರಿ ಮಾಡಿಕೊಟ್ಟೆ. ಆಕೆಯ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಕಸುವು ಬೇಕು. ನನ್ನ ಕಲ್ಲನ್ನು ಹಾಸುವ ದಿನವೂ ಯಾರೋ ಹಿಟ್ಟು ನಾದುತ್ತಿರುತ್ತಾರೆ. ಅದನ್ನು ನೆನೆದರೆ ಈಗಲೂ ಭಯವಾಗುತ್ತದೆ. ವಯಸ್ಸಾದಂತೆ ಆ ಭಯ ಹೋಗುತ್ತದೆ ಎಂದವರು ಸುಳ್ಳು ಹೇಳಿದ್ದಾರೆ.

ನಿನ್ನ ನಂತರದವರಿಗೆ ಇದನ್ನೆಲ್ಲ ಬರೆದಿಡು ಎಂದು ಗುರುಬಾಯಿ ಹೇಳಿದಳು. ಬೇಡವೆನ್ನಿಸಿತು. ಮುಂದೆ ಬರುವವರು ಮರೆಯುತ್ತಾರೆ. ಅದು ಅವರ ತಪ್ಪಲ್ಲ, ಅವರ ನೆಲಕ್ಕೂ ಕಲ್ಲು ಬೇಕು. ನೀವಾದರೆ ಹಿಂದಿನವರು. ಚಾಂದಬಿಯನ್ನು ನೀವು ಮರೆಯುವ ಹಾಗೇ ಇಲ್ಲ, ನಿಮ್ಮ ಪಾಲಿಗೆ ಆಕೆ ಇನ್ನೂ ಹುಟ್ಟಬೇಕಾದವಳು. 2211ರಲ್ಲಿ ಬರುತ್ತಾಳೆ, ಒಂಬತ್ತು ವರ್ಷ ಇರುತ್ತಾಳೆ, ರಕಾರ ಬರುವುದಿಲ್ಲ. ಆಕೆಯ ದಾರಿ ನೋಡುತ್ತಿರಿ. ನಾನು ಕೇಳುವುದು ಇಷ್ಟೇ.

ಇತಿ,
ನೀಲಗಂಗಮ್ಮ