ಬೋಹೆ ದುಲಾಂಗ್ ಹತ್ತಿದ ದಿನ

ಸುಬಾಂಗ್ ಜಯಾ, ಮಲೇಷ್ಯಾ
ಏಪ್ರಿಲ್ 12, 2017

ಪ್ರೀತಿಯ ಸಿತಾರಾ ಆಪಾಗೆ,

ನಿನ್ನ ತಂಗಿಯ ಸಲಾಂ. ಭಾವನ ಮಂಡಿನೋವು ಹೇಗಿದೆ? ಕಾಗದ ತಡವಾಯಿತು, ಬೈದುಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅರ್ಧ ಕೇಳಿಯೇ ಅಳಲು ಶುರು ಮಾಡುವವಳು.

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮಗಳು ಮೆಹವಿಶ್ ಚೆನ್ನಾಗಿದ್ದಾಳೆ. ಮೆಲಾಕಾದಲ್ಲಿ ಅವಳ ಕಾಲೇಜಿಗೆ ರಜೆ ಬಂತು. ಹಾಸ್ಟೆಲಿನಲ್ಲಿ ಒಬ್ಬಳೇ ಯಾಕೆಂದು, ನಿನ್ನನ್ನು ಕೇಳದೆ, ಅವಳನ್ನೂ ಸಬಾಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಬೋಹೆ ದುಲಾಂಗ್ ಎಂಬ ದ್ವೀಪವಿದೆ. ಒಂದು ಕಾಲದಲ್ಲಿ ಜ್ವಾಲಾಮುಖಿಯಾಗಿತ್ತಂತೆ. ಅದರ ಬಾಯಿ ಒಂದು ಕಡೆ ಕುಸಿದು ಸಮುದ್ರ ಒಳಗೆ ಬಂದು ನಿಂತಿದೆ. ಉಳಿದ ಅಂಚೇ ಈಗ ಬೆಟ್ಟ, ಅದನ್ನು ಹತ್ತಬೇಕು.

ದೋಣಿಯಲ್ಲೇ, "ಮತ್ತೆ ಉಕ್ಕಿದರೆ?" ಅಂದೆ. ದೋಣಿಯವನು, "ವೆರಿ ಓಲ್ಡ್ ಲಾ, ಆಂಟಿ" ಎಂದು ನಕ್ಕ. ನಮ್ಮವರು ಬಿಡುತ್ತಾರೆಯೇ? "ಸತ್ತ ಜ್ವಾಲಾಮುಖಿಗೂ ಹೆದರೋಳು ಇಡೀ ದಾವಣಗೆರೇಲಿ ನೀನೊಬ್ಬಳೇ" ಅಂದರು.

ದಾರಿ ಕಡಿದು, ಹಿಂದಿನ ದಿನದ ಮಳೆಗೆ ಬರೀ ಕೆಸರು. ಹಗ್ಗ ಹಿಡಿದು ಹತ್ತಬೇಕು. ನಾನು ಹಿಂದಿನಿಂದ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಲೇ ಇದ್ದೆ. "ಖಾಲಾ, ನಮ್ಮಮ್ಮಿನೂ ಇಷ್ಟು ಹೆದರಲ್ಲ" ಅಂದಳು ಮೆಹವಿಶ್. ತುದಿಯಲ್ಲಿ ಎಲ್ಲರೂ ಆ ನೀಲಿ ನೀರು ನೋಡಿದರು, ನಾನು ಅವಳ ಶೂ ನೋಡುತ್ತಿದ್ದೆ.

ಇಳಿಯುವಾಗ ಜಾರಿದಳು ಆಪಾ. ಕೂಗಿಕೊಂಡಳು, ಪುಣ್ಯಕ್ಕೆ ಒಂದು ಮರದ ಬೇರು ತಡೆಯಿತು. ಕಾಲು ಉಳುಕಿದೆ ಅಷ್ಟೇ, ಎಕ್ಸ್‌ರೇ ಮಾಡಿಸಿದೆವು, ಮುರಿದಿಲ್ಲ. ಈಗ ನಮ್ಮ ಮನೆಯ ಸೋಫಾದ ಮೇಲೆ ಕಾಲು ಚಾಚಿ, ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ತಪಾವ್ ಮಾಡಿ, ಅಂದರೆ ಪಾರ್ಸೆಲ್ ಕಟ್ಟಿಸಿ, ತಂದ ರೊಟ್ಟಿ ತಿನ್ನುತ್ತಿದ್ದಾಳೆ. ತಪ್ಪು ನನ್ನದೇ, ಎಷ್ಟು ಬೇಕಾದರೂ ಬೈ. ಇನ್ನು ರಜೆಗೆ ಅವಳನ್ನು ನಮ್ಮಲ್ಲಿಗೆ ಕಳಿಸುವುದಿಲ್ಲ ಎಂದು ಮಾತ್ರ ಹೇಳಬೇಡ. ನನಗಿರುವ ಹೆದರಿಕೆ ಅದೊಂದೇ.

ಅಲ್ಲಾಹ್ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ. ನಿನ್ನ ದುವಾದಲ್ಲಿ ನಮ್ಮನ್ನೂ ನೆನೆ.

ನಿನ್ನ
ಝೀನತ್

ತಾ.ಕ.: ಜಾರಿದಾಗ ಅವಳು ಕೂಗಿದ್ದು "ಅಮ್ಮೀ" ಎಂದು. ನಾನು "ಬಂದೆ ಮಗಳೇ" ಎಂದು ಓಡಿದೆ. ಅವಳು ಕರೆದದ್ದು ನಿನ್ನನ್ನು ಎಂಬುದು ಕೈ ಹಿಡಿದ ಮೇಲೆ ನೆನಪಾಯಿತು. ಹೆತ್ತ ಕೂಸನ್ನು ನಿನ್ನ ಮಡಿಲಿಗೆ ಹಾಕಿದ ದಿನ ಕೊಟ್ಟ ಮಾತನ್ನು ನಾನು ಎಂದೂ ಮುರಿದವಳಲ್ಲ, ಮೊನ್ನೆಯೂ ಬೇಕೆಂದು ಹಾಗೆ ಅನ್ನಲಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. ಈದ್‌ಗೆ ಊರಿಗೆ ಬಂದಾಗ ನಿನ್ನನ್ನು ಕೇಳಿದರೆ, ನಿನ್ನ ಖಾಲಾ ಚಿಕ್ಕಂದಿನಿಂದಲೂ ಪುಕ್ಕಲಿ, ಯಾರು ಕೂಗಿದರೂ ಓಡುತ್ತಾಳೆ ಎಂದು ಹೇಳಿಬಿಡು.