ಅಂಗಳ ತೊಳೆಯುವ ಮಾವನವರಿಗೆ

ಮಾವನವರಿಗೆ,

ಒಂದೇ ಮನೆಯಲ್ಲಿದ್ದು ಪತ್ರ ಬರೆಯುವ ಗತಿ ಬಂತು. ಬಾಯಲ್ಲಿ ಹೇಳೋಣವೆಂದರೆ ನಿಮ್ಮ ಆ ಜೋರಾಗಿ ನೀರು ಚಿಮ್ಮಿಸುವ ಮೆಷಿನ್ನಿನ ಗದ್ದಲದಲ್ಲಿ ನನ್ನ ಮಾತು ನಿಮ್ಮ ಕಿವಿಗೆ ಬೀಳುವುದಿಲ್ಲ.

ದಯವಿಟ್ಟು ಅದನ್ನು ನಿಲ್ಲಿಸಿ. "ನಾಳೆ ತಿಕ್ಕಿದರಾಯ್ತು" ಎಂದು ನೀವು ಬಿಟ್ಟ ಪಾಚಿಗೆ ಜಾರಿ ಅತ್ತೆ ಬಿದ್ದರೆಂದು ದಿನಾ ಅಂಗಳ ತೊಳೆಯುತ್ತಿದ್ದೀರಿ. ಪಾಚಿ ಹೋಗಿ ಎಷ್ಟೋ ದಿನವಾಯಿತು. ಈಗ ಹೋಗುತ್ತಿರುವುದು ಹಾಸುಗಲ್ಲುಗಳ ಸಂದಿಯ ಮರಳು. ಪೇವರ್ ಕಲ್ಲುಗಳು ಅಲ್ಲಾಡುವ ಹಲ್ಲಿನಂತಾಗಿವೆ. ನಿನ್ನೆ ಮೇಸ್ತ್ರಿ ನೋಡಿ, "ಏನಮ್ಮಾ, ಯಜಮಾನ್ರು ಕಲ್ಲು ತೊಳೀತಿದಾರೋ, ಕೀಳ್ತಿದಾರೋ?" ಅಂದ. ಅತ್ತೆ ಇನ್ನು ಕೋಲು ಹಿಡಿದು ಅಂಗಳದಲ್ಲಿ ನಡೆಯಬೇಕೆಂದು ಡಾಕ್ಟರು ಹೇಳಿದ್ದಾರೆ. ಈ ಕಲ್ಲುಗಳ ಮೇಲೆಯೇ?

ಗೇಟಿನ ಹತ್ತಿರ ಒಣ ಮರಳು ತರಿಸಿಟ್ಟಿದ್ದೇನೆ. ಕಲ್ಲು ಪೂರ್ತಿ ಒಣಗಿದ ಮೇಲೆ ಸುರಿದು, ಪೊರಕೆಯಿಂದ ಸಂದಿಗೆ ತುಂಬಿ. ಆಮೇಲೆ ಬರೀ ಗುಡಿಸಿದರೆ ಸಾಕು.

ಇನ್ನೊಂದು ಮಾತು. ಅತ್ತೆ ಬಿದ್ದದ್ದು ಪಾಚಿಗೆ ಜಾರಿ ಅಲ್ಲ, ಚಪ್ಪಲಿಯ ಉಂಗುಷ್ಟ ಕಿತ್ತು. ನಿಮಗೆ ಹೇಳಬೇಡ ಅಂದಿದ್ದರು: "ಮದುವೆ ಆದಾಗಿಂದ ಪೊರಕೆ ಮುಟ್ಟದ ಮನುಷ್ಯ, ತೊಳೀಲಿ ಬಿಡು." ಈಗ ಅವರೇ, "ಸಾಕು, ಒಳಗೆ ಬರೋಕೆ ಹೇಳು" ಅನ್ನುತ್ತಿದ್ದಾರೆ.

ಅವರಿಗೆ ಹೊಸ ಚಪ್ಪಲಿ ಬೇಕು. ಅಳತೆ ಗೊತ್ತಿಲ್ಲದಿದ್ದರೆ ಹೋಗಿ ಕೇಳಿ. ಅವರು ಬಿದ್ದಂದಿನಿಂದ ನೀವು ಅವರು ಮಲಗಿರುವ ಕೋಣೆಗೆ ಕಾಲಿಟ್ಟಿಲ್ಲ. ಬರುವಾಗ ಒದ್ದೆ ಕಾಲು ಒರೆಸಿಕೊಂಡು ಬನ್ನಿ.

ಇಂತಿ,
ಕೂಗಿ ಕೂಗಿ ಗಂಟಲು ಕಟ್ಟಿದ ನಿಮ್ಮ ಸೊಸೆ