ಯಂತ್ರದ ಬೆಳಗಿನ ನೆಗಡಿ

ಪರದೆಯ ಆಚೆ ಬದಿಯ ನನ್ನ ಡಾಕ್ಟರಮ್ಮನಿಗೆ,

ನಿಮಗೊಂದು ಕಾಗದ ಬರೆಯುವ ದಿನ ಬರುತ್ತದೆಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ದಿನ ಬೆಳಗಾದರೆ ಮಾತಾಡುವವರಿಗೆ ಯಾರು ತಾನೇ ಕಾಗದ ಬರೆಯುತ್ತಾರೆ? ಈಗ ನೀವು ಕ್ಲಿನಿಕ್ಕಿನ ಕಂಪ್ಯೂಟರ್ ಪರದೆಯ ಮೇಲೆ ಬರುವುದನ್ನೇ ಬಿಟ್ಟಿದ್ದೀರಿ. ನಿಮ್ಮ ಜಾಗದಲ್ಲಿ ಇನ್ನೊಬ್ಬ ಡಾಕ್ಟರು ಕೂರುತ್ತಾರೆ. ನಿಮ್ಮ ಫೋನ್ ನಂಬರು ನನ್ನಲ್ಲಿಲ್ಲ. ಇದ್ದಿದ್ದರೂ ಒತ್ತುವ ಧೈರ್ಯ ಎಲ್ಲಿಂದ ತರುತ್ತಿದ್ದೆನೋ. ಕೆಳಗಿನ ಔಷಧಿ ಅಂಗಡಿಯವರನ್ನು ಕೇಳಿ ನಿಮ್ಮ ಆಸ್ಪತ್ರೆಯ ವಿಳಾಸ ತಿಳಿದುಕೊಂಡೆ. ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ, ನಮ್ಮ ಕ್ಲಿನಿಕ್ಕಿನ ಮೇಜಿನ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಮುಂದಿನ ವಾರ ನನ್ನ ಎದೆಯ ಆಪರೇಷನ್. ಅಷ್ಟರೊಳಗೆ ನಿಮ್ಮಲ್ಲಿ ಒಂದು ಮಾತು ಕೇಳಬೇಕು. ನೇರವಾಗಿ ಕೇಳಲು ಬಾರದ್ದರಿಂದ ಸುತ್ತಿ ಬಳಸಿ ಬರುತ್ತಿದ್ದೇನೆ, ಸಹಿಸಿಕೊಳ್ಳಿ.

ಸಾಹಿತ್ಯದಲ್ಲಿ ಪದವಿ ಮಾಡಿದವಳಿಗೆ ಈ ಕ್ಲಿನಿಕ್ಕಿನ ಕೆಲಸ ಸಿಕ್ಕಿದ್ದು ಹೇಗೆಂದು ನೀವು ಮೊದಲ ದಿನವೇ ಕೇಳಿದ್ದಿರಿ. ಪಾಠ ಹೇಳಲು ಹೋಗಿ ಎರಡನೆಯ ಪೀರಿಯಡ್ಡಿನಲ್ಲೇ ಉಸಿರು ಸಿಗದೆ ಹೊರಗೆ ಬಂದವಳು ನಾನು ಎಂದು ಹೇಳಲಾಗದೆ, ಸುಮ್ಮನೆ ನಕ್ಕಿದ್ದೆ. ಇಲ್ಲಿ ನಾನು ಮಾತಾಡಬೇಕಾಗಿರಲಿಲ್ಲ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸುವುದು, ಪರದೆಯನ್ನು ಅವರತ್ತ ತಿರುಗಿಸುವುದು, ಸ್ಟೆತಾಸ್ಕೋಪಿನ ಬಿಲ್ಲೆಯನ್ನು ನೀವು ಹೇಳಿದ ಕಡೆ ಇಡುವುದು. ಇಲ್ಲಿ ಎದೆಯ ಮೇಲಿಟ್ಟ ಬಿಲ್ಲೆಯ ಸದ್ದು ಅಲ್ಲಿ ಇನ್ನೊಂದು ಊರಿನಲ್ಲಿ ನಿಮ್ಮ ಕಿವಿಗೆ ಹೋಗುತ್ತಿತ್ತು. ನಡುವೆ ನಿಂತ ನನಗೆ ಏನೂ ಕೇಳಿಸುತ್ತಿರಲಿಲ್ಲ. ಹೊಲಿಗೆಯಂಗಡಿಯ ಅಜ್ಜಿ ಬರುವಾಗಲೆಲ್ಲ ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು ಬರುತ್ತಿದ್ದರು. ಟೀವಿಯಲ್ಲಿ ಕಾಣಿಸಿಕೊಳ್ಳುವವರು ಹಾಗೇ ಬರೋದಾ ಎಂದು ನನ್ನನ್ನೇ ಗದರುತ್ತಿದ್ದರು. ಬಸ್ಸಿನ ಕಂಡಕ್ಟರು ಸಿಗರೇಟಿನ ವಾಸನೆ ನಿಮಗೆ ಬಂದೀತೆಂದು ಪರದೆಯ ಮುಂದೆ ಬಾಯಿ ಮುಚ್ಚಿಕೊಂಡೇ ಉತ್ತರ ಕೊಡುತ್ತಿದ್ದರು. ಅವರು ಹೋದ ಮೇಲೆ ನಾವಿಬ್ಬರೂ ನಗುತ್ತಿದ್ದೆವು. ನೀವು ಗಟ್ಟಿಯಾಗಿ, ನಾನು ಒಳಗೊಳಗೇ.

ಆದರೆ ನನ್ನ ದಿನ ಶುರುವಾಗುತ್ತಿದ್ದದ್ದು ಅವರೆಲ್ಲ ಬರುವ ಮೊದಲು. ಸದ್ದು ಸರಿಯಾಗಿ ತಲುಪುತ್ತಿದೆಯೇ ಎಂದು ಬೆಳಿಗ್ಗೆ ನೋಡಿಕೊಳ್ಳಬೇಕಿತ್ತು. ಬೇರೆ ಎದೆ ಎಲ್ಲಿಂದ ತರುವುದು? ನಾನೇ ಬಿಲ್ಲೆಯನ್ನು ನನ್ನ ಎದೆಗೆ ಒತ್ತಿಕೊಂಡು ನಿಲ್ಲುತ್ತಿದ್ದೆ. "ಏನಮ್ಮ ಸಾಹಿತ್ಯ, ಹೃದಯ ತಂದಿದ್ದೀಯಾ ಇವತ್ತು?" ಎನ್ನುತ್ತಿದ್ದಿರಿ. ಆ ಅಡ್ಡಹೆಸರು ನೀವೇ ಇಟ್ಟದ್ದು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ, "ತಂದಿದ್ದೀಯ, ತಂದಿದ್ದೀಯ" ಎಂದು ತಲೆಯಾಡಿಸುತ್ತಿದ್ದಿರಿ. ಅಷ್ಟೇ. ನಿಮಗದು ಯಂತ್ರದ ಪರೀಕ್ಷೆ. ನನಗೆ ಏನಾಗಿತ್ತೆಂದು ಈಗ ಹೇಳಿದರೆ ನಗಬೇಡಿ. ಶನಿವಾರ ಬಾಗಿಲು ಹಾಕಿ ನನ್ನ ಬಾಡಿಗೆ ಕೋಣೆಗೆ ಹೋದರೆ ಸೋಮವಾರದವರೆಗೆ ನನಗೆ ಮಾತಾಡುವ ಸಂದರ್ಭವೇ ಬರುತ್ತಿರಲಿಲ್ಲ. ಭಾನುವಾರ ಅಕ್ಕ ಫೋನು ಮಾಡಿದರೆ ಮಾತೆಲ್ಲ ಅವಳದು, ಹ್ಞೂಂ ಮಾತ್ರ ನನ್ನದು. ಸೋಮವಾರ ನಿಮಗೆ ನಮಸ್ಕಾರ ಹೇಳುವಾಗ ನನ್ನ ಗಂಟಲು ತುಕ್ಕು ಹಿಡಿದ ಚಿಲಕದ ಹಾಗೆ ಕಿರುಗುಟ್ಟುತ್ತಿತ್ತು. ಆಮೇಲೆ ಬಿಲ್ಲೆ ಎದೆಗೆ ತಾಗುತ್ತಿತ್ತು. ಇಡೀ ಲೋಕದಲ್ಲಿ ಒಬ್ಬರು, ಬೇರೆಲ್ಲ ಕೆಲಸ ಬಿಟ್ಟು, ಕಣ್ಣು ಮುಚ್ಚಿ ನನ್ನನ್ನು ಕೇಳುತ್ತಿದ್ದರು. ಕೆಲವು ದಿನ ಆ ಒಂದು ಗಳಿಗೆಗೋಸ್ಕರವೇ ನಾನು ಹಾಸಿಗೆಯಿಂದ ಏಳುತ್ತಿದ್ದೆ.

ಸದ್ದು ಕಳಿಸುವ ಯಂತ್ರದಲ್ಲಿ ಏನೋ ಸುಯ್ಯೆನ್ನುತ್ತದೆಂದು ನೀವು ಮೊದಲಿನಿಂದಲೂ ಹೇಳುತ್ತಿದ್ದಿರಿ. ಬೆಳಗಿನ ಪರೀಕ್ಷೆಯಲ್ಲಿ ಇರುತ್ತಿತ್ತು, ರೋಗಿಗಳು ಬಂದ ಮೇಲೆ ಇರುತ್ತಿರಲಿಲ್ಲ. ರಾತ್ರಿಯೆಲ್ಲ ತಣ್ಣಗೆ ಬಿದ್ದಿರುವ ಯಂತ್ರ, ಬಿಸಿಯಾದ ಮೇಲೆ ಸರಿಹೋಗುತ್ತದೆ ಎಂದು ನೀವು ಲೆಕ್ಕ ಹಾಕಿದ್ದಿರಿ. "ನಿಮ್ಮ ಯಂತ್ರಕ್ಕೆ ಬೆಳಗಿನ ನೆಗಡಿ ಕಣಮ್ಮ" ಎಂದು ತಮಾಷೆ ಮಾಡುತ್ತಿದ್ದಿರಿ. ನಾನು ಅದನ್ನು ನಂಬಿ, ಬೇಗ ಬಂದು ಯಂತ್ರವನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡತೊಡಗಿದೆ. ನೆಗಡಿ ಹೋಗಲಿಲ್ಲ. ಕೊನೆಗೆ ನೀವು ಬೇಸತ್ತು ದೂರು ಕೊಟ್ಟಿರಿ. ಎಲ್ಲರೂ ತಂತಿಯಣ್ಣ ಎಂದು ಕರೆಯುವ ರಿಪೇರಿಯವರು ಬಂದರು.

ಆ ಬೆಳಿಗ್ಗೆ ನಿಮಗೂ ಮರೆತಿರಲಾರದು. ತಂತಿಯಣ್ಣ ಹೊಸ ವೈರು, ಹೊಸ ಡಬ್ಬಿ ಎಲ್ಲ ಹಾಕಿದರು. ಇಷ್ಟಾದ ಮೇಲೂ ನೆಗಡಿ ಇದ್ದರೆ ಯಂತ್ರಕ್ಕಲ್ಲ, ಮೇಡಂ ಕಿವಿಗೇ ಔಷಧಿ ಹಾಕಬೇಕು ಎಂದು ನಿಮ್ಮೆದುರೇ ಚಟಾಕಿ ಹಾರಿಸಿದರು. ಅಷ್ಟರಲ್ಲಿ ಹೊಲಿಗೆಯಂಗಡಿಯ ಅಜ್ಜಿ ಕೆಳಗಿನಿಂದ ಕೂಗಿದ್ದರಿಂದ, ಅವರನ್ನು ಕೈಹಿಡಿದು ಮೆಟ್ಟಿಲು ಹತ್ತಿಸಲು ಹೋದೆ. ನಾನು ಏದುಸಿರು ಬಿಡುತ್ತ ಮೇಲೆ ಬರುವಷ್ಟರಲ್ಲಿ ತಂತಿಯಣ್ಣ ಅಂಗಿಯ ಗುಂಡಿ ಬಿಚ್ಚಿ ಬಿಲ್ಲೆಯನ್ನು ತಮ್ಮ ಎದೆಗೇ ಇಟ್ಟುಕೊಂಡಿದ್ದರು. ಸದ್ದು ಕನ್ನಡಿಯಷ್ಟು ಸ್ವಚ್ಛವಾಗಿದೆ ಎಂದು ನೀವು ಹೇಳುತ್ತಿದ್ದಿರಿ. ಅವರು ಅದನ್ನು ತಮ್ಮ ಹೃದಯಕ್ಕೇ ಸಿಕ್ಕ ಸರ್ಟಿಫಿಕೇಟು ಎಂದುಕೊಂಡು ಬೀಗುತ್ತಿದ್ದರು.

"ಸಾಹಿತ್ಯ, ಬಂದ್ಯಾ? ದಿನಾ ಇಡೋ ಹಾಗೆ ನೀನೊಂದ್ಸಲ ಇಡು, ನೋಡೋಣ" ಎಂದಿರಿ.

ಇಟ್ಟೆ. ನಿಮ್ಮ ಮುಖದ ಮೇಲೆ ನಗು ಹಾಗೇ ಉಳಿದಿತ್ತು, ಕಣ್ಣು ಮಾತ್ರ ಬೇರೆಲ್ಲೋ ಹೋದವು. ಅವರಿಗೆ ಕೊಡು ಎಂದಿರಿ. ಕೊಟ್ಟೆ. ಮತ್ತೆ ನೀನಿಡು ಎಂದಿರಿ. ತಂತಿಯಣ್ಣ ನನ್ನನ್ನೊಮ್ಮೆ ಪರದೆಯನ್ನೊಮ್ಮೆ ನೋಡುತ್ತ, ಅಂಗಿಯ ಗುಂಡಿಯನ್ನು ತಪ್ಪು ತೂತಿಗೆ ಹಾಕಿಕೊಂಡರು. ಯಂತ್ರ ಸರಿಯಾಗಿದೆ, ನೀವು ಹೊರಡಿ ಅಣ್ಣ ಎಂದು ಅವರನ್ನು ಕಳಿಸಿದಿರಿ. ಅಜ್ಜಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಲು ಹೇಳಿದಿರಿ. ಆಮೇಲೆ ಕೇಳಿದಿರಿ:

"ಮೆಟ್ಟಿಲು ಹತ್ತಿದ್ರೆ ನಿಂಗೆ ಎದೆ ಹೊಡ್ಕೊಳ್ಳುತ್ತಾ?"

"ನಂದು ಸ್ವಲ್ಪ ಸಂಕೋಚದ ಸ್ವಭಾವ, ಡಾಕ್ಟರಮ್ಮ" ಎಂದೆ.

ಈಗ ಯೋಚಿಸಿದರೆ ಎಂಥ ಪೆದ್ದು ಉತ್ತರ. ಆದರೆ ನಿಜಕ್ಕೂ ನಾನು ಹಾಗೇ ತಿಳಿದಿದ್ದೆ. ಚಿಕ್ಕಂದಿನಿಂದಲೂ ನಾಲ್ಕು ಜನರ ಮುಂದೆ ನಿಂತರೆ ಎದೆ ಡವಡವ, ಓಡಿದರೆ ಕಣ್ಣು ಕತ್ತಲೆ. ಆಟಕ್ಕೆ ಕರೆದರೆ ಪುಸ್ತಕದ ಹಿಂದೆ ಅಡಗಿಕೊಳ್ಳುತ್ತಿದ್ದೆ. ಇವಳು ನಾಚಿಕೆಯ ಹುಡುಗಿ ಎಂದು ಅಮ್ಮ ಇದ್ದಷ್ಟು ದಿನ ಬಂದವರಿಗೆಲ್ಲ ಹೇಳುತ್ತಿದ್ದಳು. ನಾನೂ ಅದನ್ನೇ ನನ್ನ ಸ್ವಭಾವವೆಂದು ಒಪ್ಪಿಕೊಂಡು, ಅದಕ್ಕೆ ತಕ್ಕಂತೆ ಬದುಕನ್ನು ಕತ್ತರಿಸಿ ಹೊಲಿದುಕೊಂಡೆ. ಹುಟ್ಟಿನಿಂದಲೇ ನನ್ನ ಹೃದಯದ ಒಂದು ಕವಾಟ ಬಿಗಿಯಾಗಿದೆಯಂತೆ. ರಕ್ತ ಅದರ ಸಂದಿಯಲ್ಲಿ ನುಗ್ಗುವ ಸದ್ದೇ ಆ ಸುಯ್. ನನ್ನಲ್ಲಿ ನಾಚಿಕೆ ಎಷ್ಟು, ಕವಾಟ ಎಷ್ಟು ಎಂದು ಈಗ ಯಾರನ್ನು ಕೇಳಲಿ? ಅದನ್ನು ಸರಿಮಾಡಿದ ಮೇಲೆ ಎದ್ದು ಬರುವವಳು ನನಗೆ ಗುರುತು ಸಿಗುವವಳೋ ಇಲ್ಲವೋ.

ಸ್ಕ್ಯಾನಿಂಗಿಗೆ ನೀವೇ ವ್ಯವಸ್ಥೆ ಮಾಡಿದಿರಿ. ಅದರ ಫಲಿತಾಂಶ ಹೇಳಿದ ದಿನ ನೀವು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದಿರಿ. "ದಿನಾ ಕಿವಿಗೆ ಬೀಳ್ತಾ ಇತ್ತಲ್ಲೇ. ಒಂದು ದಿನವಾದ್ರೂ ಅದು ನೀನು ಅಂತ ಹೊಳೀಲಿಲ್ವಲ್ಲ ನಂಗೆ" ಎಂದಿರಿ. ಪರವಾಗಿಲ್ಲ ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಪರದೆ ಕಪ್ಪಾಯಿತು. ಮರುದಿನ ಬೇರೆ ಡಾಕ್ಟರು ಬಂದರು. ಮುಟ್ಟಿ ನೋಡಬಹುದಾದ ರೋಗಿಗಳು ಮಾತ್ರ ಸಾಕು, ಈ ಪರದೆಯ ಸಹವಾಸ ಬೇಡ ಎಂದು ನೀವು ಬರೆದುಕೊಟ್ಟಿರಂತೆ. ಔಷಧಿ ಅಂಗಡಿಯವರು ಹೇಳಿದರು. ಹೊಸ ಡಾಕ್ಟರು ಕೆಟ್ಟವರಲ್ಲ, ಚುರುಕು. ಹೊಸ ಡಬ್ಬಿ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಕುಂಯ್ ಎನ್ನುತ್ತದೆ. ನನ್ನ ಎದೆಯ ಅಗತ್ಯ ಈಗ ಯಾರಿಗೂ ಇಲ್ಲ.

ನೀವು ನಿಮ್ಮ ಮೇಲೆಯೇ ಮುನಿಸಿಕೊಂಡು ದೂರ ಹೋದಿರಿ. ಅದರ ಪೆಟ್ಟು ಬಿದ್ದದ್ದು ಮಾತ್ರ ನನಗೆ. ಇಷ್ಟು ಖಾರವಾದ ವಾಕ್ಯವನ್ನು ಹೊಡೆದುಹಾಕಬೇಕೆನಿಸಿತು, ಹಾಗೇ ಬಿಟ್ಟಿದ್ದೇನೆ. ನನ್ನ ಕೈಯ ಬಿಸಿ ಮುಟ್ಟಿ ನೋಡುವಷ್ಟು ಹತ್ತಿರ ಎಷ್ಟೋ ಜನ ಇದ್ದರು, ಡಾಕ್ಟರಮ್ಮ. ಮೇಷ್ಟ್ರುಗಳಿದ್ದರು, ಗೆಳತಿಯರಿದ್ದರು, ಅಕ್ಕ ಇದ್ದಳು. ಒಬ್ಬರಿಗೂ ಇದು ಕೇಳಿಸಲಿಲ್ಲ. ಅಷ್ಟು ದೂರದಲ್ಲಿ ಕೂತು, ತಡವಾಗಿಯಾದರೂ, ಕೇಳಿಸಿಕೊಂಡದ್ದು ನೀವು. ಅಜ್ಜಿ ಈಗ ತಲೆ ಬಾಚದೆ ಬರುತ್ತಾರೆ. ನಮ್ಮ ಡಾಕ್ಟರಮ್ಮ ಯಾವಾಗ ಬರ್ತಾರೆ ಎಂದು ಬಂದಾಗಲೆಲ್ಲ ಕೇಳುತ್ತಾರೆ. ನಾನು ಪರದೆಯನ್ನು ಅವರತ್ತ ತಿರುಗಿಸುತ್ತೇನೆ.

ಅಕ್ಕನಿಗೆ ವಿಷಯ ಹೇಳಿದೆ. ಅವಳು ಮೊದಲು ನಂಬಲೇ ಇಲ್ಲ. "ಮೆಟ್ಟಿಲು ಹತ್ತಿದ್ರೆ ಯಾರಿಗೆ ಸುಸ್ತಾಗಲ್ವೇ? ಕಥೆ ಓದಿ ಓದಿ ನೀನೇ ಒಂದು ಕಥೆ ಆಗಿದ್ದೀಯ" ಎಂದಳು. ಆಮೇಲೆ ಅತ್ತಳು. ಆಮೇಲೆ ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಮುಂದೂಡಬಾರದೇ ಎಂದು ಕೇಳಿದಳು. ಮುಂದೂಡುವ ಹಾಗಿಲ್ಲವೆಂದು ಆಪರೇಷನ್ ಮಾಡುವ ಆಸ್ಪತ್ರೆಯವರು ಹೇಳಿದ್ದಾರೆ. ಜೊತೆಗೆ ಯಾರು ಬರುತ್ತಾರೆ ಎಂದು ಅಲ್ಲಿನ ನರ್ಸು ಫೋನಿನಲ್ಲಿ ಕೇಳಿದಾಗ, ಬರುತ್ತಾರೆ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ.

ಆ ಆಸ್ಪತ್ರೆ ನಿಮ್ಮ ಊರಿನಲ್ಲೇ ಇದೆ, ವಿಳಾಸ ಕಾಗದದ ಹಿಂದೆ ಬರೆದಿದ್ದೇನೆ. ಮಂಗಳವಾರ ಸಂಜೆ ಸೇರಿಸಿಕೊಳ್ಳುತ್ತಾರೆ, ಬುಧವಾರ ಬೆಳಿಗ್ಗೆ ಆಪರೇಷನ್. ಅದಾದ ಮೇಲೆ ಆ ಸದ್ದು ಇರುವುದಿಲ್ಲವಂತೆ. ಸ್ಕ್ಯಾನಿಂಗಿನವರು ತಣ್ಣನೆಯ ಅಂಟು ಹಚ್ಚಿ ಚಿತ್ರ ನೋಡಿದರೇ ಹೊರತು ಯಾರೂ ಕಿವಿ ಕೊಡಲಿಲ್ಲ. ಹುಟ್ಟಿದಾಗಿನಿಂದ ಅದನ್ನು ಹೊತ್ತು ತಿರುಗಿದವಳು ನಾನು, ಒಂದು ಸಲವೂ ಕೇಳಿಲ್ಲ. ಅದರ ಪರಿಚಯ ಇರುವುದು ನಿಮಗೊಬ್ಬರಿಗೇ.

ಮಂಗಳವಾರ ಸಂಜೆ ಬನ್ನಿ, ಡಾಕ್ಟರಮ್ಮ. ಕ್ಷಮೆ ಕೇಳಲು ಬರುವುದಾದರೆ ಬೇಡ. ನಿಮ್ಮ ಹಳೆಯ ಸ್ಟೆತಾಸ್ಕೋಪು ಇರುತ್ತದಲ್ಲ, ತಂತಿಯಿಲ್ಲದ್ದು, ಅದನ್ನು ತನ್ನಿ. ಮೊದಲು ನೀವು ಕೇಳಿ. ಆಮೇಲೆ ಅದನ್ನು ನನ್ನ ಕಿವಿಗೆ ಸಿಕ್ಕಿಸಿ, ಬಿಲ್ಲೆಯನ್ನು ನೀವೇ ಹಿಡಿದುಕೊಳ್ಳಿ. ಇಷ್ಟು ದಿನ ಹಿಡಿದವಳು ನಾನು.

ಚಿಕ್ಕವಳು ದೊಡ್ಡವರನ್ನು ಹರಸಬಾರದು. ಆದರೂ, ನಿಮ್ಮ ಕಿವಿ ನೂರು ಕಾಲ ಚೂಟಿಯಾಗಿರಲಿ.

ಬಾಗಿಲ ಕಡೆಗೇ ನೋಡುತ್ತಿರುವ,
ನಿಮ್ಮ ಸಾಹಿತ್ಯ